ದಾರಿ ಕೇಳುವವನ ಸರ್ವರ್

ನಮ್ಮಣ್ಣನಿಗೆ ಕೋಲಾರ ಜಿಲ್ಲೆಯಲ್ಲಿ ಒಂದೇ ಒಂದು ಊರಿನ ದಾರಿಯೂ ಗೊತ್ತಿಲ್ಲ! ಹಾಗೆಂದು ಹೇಳುತ್ತಿರುವುದು ನಾನಲ್ಲ, ಜಿಲ್ಲೆಯ ಜನ. ಅವರಲ್ಲಿ ಅರ್ಧಕ್ಕರ್ಧ ಮಂದಿಯನ್ನು ಅವನು ನಿಲ್ಲಿಸಿ ದಾರಿ ಕೇಳಿದ್ದಾನಲ್ಲ, ಅವರಾದರೂ ಇನ್ನೇನೆಂದುಕೊಳ್ಳಬೇಕು?

ಮುಳಬಾಗಿಲಿನಲ್ಲೇ ಹುಟ್ಟಿ ಬೆಳೆದು, ದಿನಾ ಬಸ್ಸಿನಲ್ಲಿ ಕೋಲಾರದ ಕಚೇರಿಗೆ ಹೋಗಿ ಬರುವ ಗುಮಾಸ್ತ ಅವನು. ಭಾನುವಾರ ಬಂತೆಂದರೆ ಜೇಬಿನಲ್ಲಿ ಸಣ್ಣ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹೊರಡುತ್ತಿದ್ದ. ತಾನು ನೂರು ಸಲ ನಡೆದ ರಸ್ತೆಯಲ್ಲೇ ನಿಂತು, ಎದುರು ಸಿಕ್ಕವರನ್ನು "ರಾಯಲ್ಪಾಡಿಗೆ ಹೆಂಗೆ ಹೋಗ್ಬೇಕು?" ಎಂದು ಕೇಳುತ್ತಿದ್ದ. ಅವರು ಪಾಪ ಕೈ ತೋರಿಸಿ, ಮಾವಿನ ತೋಪು, ಒಣಗಿದ ಬಾವಿ, ಟೊಮೊಟೊ ತೋಟ ಎಲ್ಲವನ್ನೂ ಹೆಸರಿಸಿ ದಾರಿ ಹೇಳುತ್ತಿದ್ದರು. ಎಲ್ಲ ಜೇಬಿನೊಳಗೆ ರೆಕಾರ್ಡ್!

"ಯಾಕೋ ಅಣ್ಣ ನಿಂಗೆ ಈ ಹುಚ್ಚು?" ಎಂದು ಕೇಳಿದೆ.

"ಮಾಲೂರಿಂದ ಶುರು ಮಾಡಿ ಈ ಕಡೆ ಬಾ ನೋಡು. ಊರೂರಿಗೂ ಮಾತು ಚೂರುಚೂರೇ ತೆಲುಗಿನ ಕಡೆ ವಾಲ್ತಾ ಬರುತ್ತೆ. ನೆಟ್ಟಗೆ ಹೋಗಿ ಅನ್ನೋದು ಎಲ್ಲಿ ನೇರುಗಾ ಪೋ ಆಗುತ್ತೆ, ಆ ಜಾಗ ಹಿಡೀಬೇಕು ಕಣೇ."

ಹಿಡಿದು ಏನು ಮಾಡುತ್ತಾನಂತೆ? ಅದನ್ನು ಮಾತ್ರ ಹೇಳಲಿಲ್ಲ.

ಒಮ್ಮೆ ಮಾಲೂರಿನ ಬಸ್ ಸ್ಟ್ಯಾಂಡಿನೊಳಗೇ ನಿಂತು ಬಸ್ ಸ್ಟ್ಯಾಂಡ್ ಎಲ್ಲಿ ಎಂದು ಕೇಳಿದ್ದಾನೆ. ಆ ಮನುಷ್ಯ ಹತ್ತಿರ ಬಂದು ಇವನ ಬಾಯಿ ಮೂಸಿ, "ಬೆಳಿಗ್ಗೇನೇ ಶುರು ಮಾಡ್ಬಿಟ್ಯೇನಪ್ಪಾ?" ಎಂದನಂತೆ. ಮಾನವಂತನಾದರೆ ಅದನ್ನು ಮನೆಯಲ್ಲಿ ಬಾಯಿ ಬಿಡುತ್ತಿದ್ದನೇ? ಇವನು ಬಂದವರಿಗೆಲ್ಲ ಟೇಪು ಹಾಕಿ ಕೇಳಿಸಿದ!

ತೊಂಬತ್ತರ ಕಾಲವೆಲ್ಲ ಹೀಗೆ ಕ್ಯಾಸೆಟ್ಟಿನಲ್ಲೇ ಕಳೆಯಿತು. ಆಮೇಲೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತೆಂದು ಅಣ್ಣ ಒಂದು ಕಂಪ್ಯೂಟರ್ ತಂದ. ತನ್ನ ದಾರಿಗಳನ್ನೆಲ್ಲ ಅದರೊಳಕ್ಕೆ ಇಳಿಸಿ, ಹಳೆಯ ಕ್ಯಾಸೆಟ್ಟುಗಳನ್ನು ಕಸಕ್ಕೆ ಹಾಕಿದ.

"ಇದು ಬರೀ ಕಂಪ್ಯೂಟರ್ ಅಲ್ಲ ಕಣೇ, ಸರ್ವರ್. ಯಾವ ರೂಮಲ್ಲಿ ಕೂತು ಕೇಳಿದ್ರೂ ಕೊಡುತ್ತೆ."

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊಲಿಗೆ ಮೆಷೀನಿನ ಮುಂದೆ ಕೂತವಳು. ನನಗೆ ಗೊತ್ತಿದ್ದ ಸರ್ವರ್ ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವವನು. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ! ಸರ್ವರ್‌ಗೆ ನಾವೇ ಸೇವೆ ಮಾಡಬೇಕು. ಗಾಳಿ ಬರುವ ಕೋಣೆ ಅದಕ್ಕೆ. ಇದ್ದ ಒಂದು ಒಳ್ಳೆಯ ಫ್ಯಾನು ಅದಕ್ಕೆ. ಕರೆಂಟು ಹೋದರೆ ನಾನು, ಅತ್ತಿಗೆ ಬೀಸಣಿಗೆ ಹಿಡಿದು ಕೂರಬೇಕು, ಅದಕ್ಕೆ ಮಾತ್ರ ಬ್ಯಾಟರಿ! ಒಗ್ಗರಣೆ ಹೊಗೆ ಆ ಕಡೆ ಹೋಗುತ್ತದೆಂದು ಅಡುಗೆಮನೆಯ ಬಾಗಿಲು ಹಾಕಿಸಿದ. ಒಳಗೆ ಒಣಮೆಣಸಿನಕಾಯಿ ಘಾಟಿಗೆ ಅತ್ತಿಗೆ ಕೆಮ್ಮಿ ಕೆಮ್ಮಿ, "ನಿಮ್ಮ ಹೆಂಡ್ತಿ ನಾನೋ, ಆ ಡಬ್ಬಾನೋ ಹೇಳ್ರೀ?" ಎಂದರು. ಅಣ್ಣ ಬಹಳ ಹೊತ್ತು ಯೋಚಿಸಿದ. ಯೋಚಿಸುವ ವಿಷಯವೇ ಅದು?

ಕೆಲವು ವರ್ಷ ಕಳೆದ ಮೇಲೆ ಆ ಡಬ್ಬದಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಅಣ್ಣ ಅದರ ಮೇಲೆ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಅದಕ್ಕೆ ಕಿವಿಯಿಟ್ಟು ಕೇಳಿ ಬೆವತುಹೋದ. ಒಳಗಿನ ಹಾರ್ಡ್ ಡಿಸ್ಕ್ ಸಾಯುತ್ತಿದೆಯಂತೆ. ಸರ್ವರ್ ಎದ್ದು ಕೂರುವುದೂ ಅದೇ ಡಿಸ್ಕಿನಿಂದ, ಅಣ್ಣನ ಅಷ್ಟೂ ವರ್ಷದ ದಾರಿಗಳು ಇರುವುದೂ ಅದೇ ಡಿಸ್ಕಿನಲ್ಲಿ. ಇನ್ನೊಂದು ಪ್ರತಿ ಎಲ್ಲೂ ಇಲ್ಲ! ಊರಿನವರ ಮಾತೆಲ್ಲ ಕೂಡಿಡುವವನಿಗೆ ಅಷ್ಟು ಬುದ್ಧಿ ಬೇಡವೇ?

ಕೋಲಾರಕ್ಕೆ ಓಡಿ ಹೊಸ ಡಿಸ್ಕ್ ತಂದ. ಅದು ಹೊರಗಡೆಯೇ ಇರುವ ಪುಟ್ಟ ಪೆಟ್ಟಿಗೆ. ಅದಕ್ಕೊಂದು ಕೆಂಪು ದೀಪ, ಹಿಂದೆ ಒಂದು ಸ್ವಿಚ್ಚು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಇಳಿಸಲು ಹಚ್ಚಿದ. ಇಡೀ ದಿನದ ಕೆಲಸವಂತೆ. ಅತ್ತಿಗೆ ಮಾಲೂರಿನ ತವರಿಗೆ ಹೋಗಿದ್ದರು, ಅವನಿಗೆ ರಜೆ ಸಿಗಲಿಲ್ಲ. ಕಾವಲಿಗೆ ಸಿಕ್ಕವಳು ನಾನು!

"ಹಳೇದು ಇದೇ ಕೊನೇ ಸಲ ಎದ್ದಿರೋದು. ಮಧ್ಯದಲ್ಲಿ ನಿಂತ್ರೆ ಮತ್ತೆ ಏಳಲ್ಲ. ಪರದೆ ಮೇಲೆ ಏನಾದ್ರೂ ಬಂದ್ರೆ ಫೋನ್ ಮಾಡು, ನೀನೇ ಏನೂ ಮುಟ್ಬೇಡ" ಎಂದು ಹೇಳಿ ಹೋದ.

ಮಧ್ಯಾಹ್ನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂದು ನಿಂತವು. ಫೋನ್ ಮಾಡಿದೆ.

"ಏನಂತ ಬಂದಿದೆ?"

ಓದಲು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. "ಎರಡು ಇದೆ ಕಣೋ" ಎಂದೆ.

"ಹಾಂ, ಅದು ಗೊತ್ತು. ಎರಡನೇದು ಆರಿಸು."

ಕಂಪ್ಯೂಟರ್, ಸರ್ವರ್ ಎಂಬ ಹೆಸರು ಬಿಟ್ಟರೆ ಮಿಕ್ಕಿದ್ದಕ್ಕೆಲ್ಲ ಅವನ ಬಾಯಲ್ಲಿ ಅಚ್ಚಕನ್ನಡವೇ ಬರಬೇಕು. ನಮ್ಮ ಮನೆಯಲ್ಲಿ ಆರಿಸು ಎಂದರೆ ಲೈಟ್ ಆರಿಸು, ಸ್ಟವ್ ಆರಿಸು. ಎರಡನೆಯದು ಯಾವುದು? ಎರಡನೆಯ ಡಿಸ್ಕು! ಅದಕ್ಕೆ ಕೆಂಪು ದೀಪವೂ ಉರಿಯುತ್ತಿದೆ! ಸ್ವಿಚ್ ಒತ್ತಿದೆ. ದೀಪ ಆರಿತು. ಹಳೆಯ ಡಿಸ್ಕು ಟಕ್ ಟಕ್ ಟಕ್ ಎಂದು ಒದ್ದಾಡಿ, ಕಿರ್ರೆಂದು ಎಳೆದು, ಸುಮ್ಮನಾಯಿತು.

ಸೆಲೆಕ್ಟ್ ಮಾಡು ಎಂದಿದ್ದರೆ ಆಗುತ್ತಿರಲಿಲ್ಲವೇ? ಸೀರೆ ಅಂಗಡಿಗೆ ಹೋದಾಗೆಲ್ಲ ಸೆಲೆಕ್ಟ್ ಮಾಡುವವಳು ನಾನು! ಅಷ್ಟು ಇಂಗ್ಲಿಷು ನನಗೂ ಬರುತ್ತದೆ!

ಹೀಗೆ ಇಷ್ಟು ವರ್ಷ ಅವನ ಮೇಲೇ ಕೂಗಾಡಿದ್ದೇನೆ. ಆದರೆ ನಿಜ ಹೇಳಿಬಿಡುತ್ತೇನೆ. ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ನನಗೆ ಅನುಮಾನ ಬಂದಿತ್ತು. ಏನೂ ಮುಟ್ಟಬೇಡ ಎಂದವನು ಹೀಗೇಕೆ ಹೇಳುತ್ತಾನೆ ಎಂದು ಇನ್ನೊಂದು ಸಲ ಕೇಳಬಹುದಿತ್ತು. ಫೋನು ಇನ್ನೂ ಕಿವಿಯಲ್ಲೇ ಇತ್ತು. ಕೇಳಲಿಲ್ಲ. ಆ ಡಬ್ಬವನ್ನು ಆರಿಸುವುದೆಂದರೆ ನನಗೆ ಅಷ್ಟು ಖುಷಿಯಾಗಿತ್ತು.

ಸಂಜೆ ಅಣ್ಣ ಬಂದು ನೋಡಿದ.

"ನೀನೇ ಆರಿಸು ಅಂದ್ಯಲ್ಲ!" ಎಂದು ನಾನೇ ಮೊದಲು ಬಾಯಿ ಜೋರು ಮಾಡಿದೆ.

"ಆರಿಸು" ಎಂದು ಅವನು ತನಗೆ ತಾನೇ ಹೇಳಿಕೊಂಡ. ಆಮೇಲೆ, "ಆ ಪದಾನೇ ಸರಿ ಇಲ್ಲ ಬಿಡೇ" ಎಂದ. ಬಯ್ಯಲಿಲ್ಲ. ಕೋಲಾರದ ರಿಪೇರಿಯವನು ನೋಡಿ ಕೈ ಚೆಲ್ಲಿದ. ಹೊಸ ಡಿಸ್ಕಿನಲ್ಲೂ ಕೇಳುವಂಥದ್ದು ಏನೂ ಉಳಿದಿರಲಿಲ್ಲ. ತವರಿನಿಂದ ಬಂದ ಅತ್ತಿಗೆಗೆ ಅಣ್ಣ, "ಹಳೇದಲ್ವಾ, ತಾನಾಗೇ ಹೋಯ್ತು" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅತ್ತಿಗೆ ಈಗಲೂ ಹಾಗೆಯೇ ನಂಬಿದ್ದಾರೆ.

ಫ್ಯಾನು ನಮ್ಮ ಕಡೆ ತಿರುಗಿತು. ಬೇಕಾಗಿದ್ದುದು ಅದೇ ತಾನೇ? ಆದರೆ ಅಣ್ಣ ಭಾನುವಾರ ಹೊರಗೆ ಹೋಗುವುದನ್ನೇ ಬಿಟ್ಟ. ಜಗಲಿಯ ಮೇಲೆ ಕೂತು, ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದ. ಹಾಗೆ ಕೂತವನನ್ನು ನೋಡಿದರೆ ಆ ಗಾಳಿಯೂ ಮೈಗೆ ಹಿತವಾಗುತ್ತಿರಲಿಲ್ಲ. ಒಂದು ಭಾನುವಾರ ತಡೆಯಲಾರದೆ, "ಏಳೋ, ದಾರಿ ಕೇಳ್ಕೊಂಡ್ ಬರೋಣ" ಎಂದೆ. "ಯಾಕೆ ಬಿಡೇ" ಎಂದ. ಕೈ ಹಿಡಿದು ಎಬ್ಬಿಸಿ, ಶ್ರೀನಿವಾಸಪುರದ ಬಸ್ಸು ಹತ್ತಿಸಿ, ಅಲ್ಲಿಂದ ಮುಂದೆ ರಾಯಲ್ಪಾಡಿಗೆ ಸ್ವಲ್ಪ ಈಚೆ ಇಳಿಸಿದೆ. ರಸ್ತೆ ಪಕ್ಕದಲ್ಲಿ ಒಬ್ಬಳು ಮುದುಕಿ ಮಾವಿನಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ಅಣ್ಣ ಎರಡು ಹೆಜ್ಜೆ ಹಿಂದೆಯೇ ನಿಂತ. ಕೊನೆಗೆ ನಾನೇ, "ರಾಯಲ್ಪಾಡಿಗೆ ಹೆಂಗೆ ಹೋಗ್ಬೇಕಮ್ಮಾ?" ಎಂದೆ.

ಮುದುಕಿ ನನ್ನನ್ನು ಬಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಅಣ್ಣನ ಮುಖವನ್ನೇ ನೋಡಿದಳು. "ಅಪ್ಪುಡು ಗೂಡಾ ಈಯಪ್ಪ ಇದೇ ದಾವ ಅಡಿಗಿನಾಡು ಗದಮ್ಮಾ! ಪಾಪಂ, ಇಂಕಾ ಚೇರಲೇದಾ?" ಎಂದಳು.

ಆಗಲೂ ಇವನು ಇದೇ ದಾರಿ ಕೇಳಿದ್ದನಂತೆ. ಪಾಪ, ಇನ್ನೂ ತಲುಪಿಲ್ಲವೇ ಎಂದು ಅವಳ ಮರುಕ.

ನನಗೆ ನಗು ಬಂತು. ತಿರುಗಿ ನೋಡಿದರೆ ಅಣ್ಣನ ಕಣ್ಣಲ್ಲಿ ನೀರು. ಮುದುಕಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಇವನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದುಕೊಂಡಳೋ ಏನೋ, ಅವನ ಮಣಿಕಟ್ಟು ಹಿಡಿದು ನಡೆಯತೊಡಗಿದಳು. ಆ ರಸ್ತೆಯ ಒಂದೊಂದು ತಿರುವೂ ಗೊತ್ತಿದ್ದ ನಮ್ಮಣ್ಣ, ಏನೂ ಗೊತ್ತಿಲ್ಲದವನಂತೆ ಅವಳ ಹಿಂದೆ ಹೋದ.