ತಂತ್ರಾಂಶಕ್ಕೆ ಶಾಲು

ಆ ವರ್ಷದ ಏಪ್ರಿಲ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಬೀದರದ ಮಾಂಜ್ರಾ ಸೀಮೆ ನೀರು ಸಾಗಾಟ ಸಹಕಾರ ಸಂಘದ ಪ್ರಧಾನ ಕಚೇರಿಯಲ್ಲಿ, ಕಂಪ್ಯೂಟರಿನ ಪರದೆಯ ನಟ್ಟನಡುವೆ ಅಂಗೈ ಅಗಲದ ಒಂದು ಹಳದಿ ಚೌಕ ಕಾಣಿಸಿಕೊಂಡಿತು. ಪ್ರಾಣಹಾನಿ ಸಂಭವಿಸಲಿಲ್ಲ. ಕಾರ್ಯದರ್ಶಿ ಗೋರಖನಾಥರು ಮೊದಲು ತಮ್ಮ ಕನ್ನಡಕ ಒರೆಸಿಕೊಂಡರು, ಆಮೇಲೆ ಪರದೆಯನ್ನು ಒರೆಸಿದರು. ಚೌಕ ಎರಡಕ್ಕೂ ಜಗ್ಗಲಿಲ್ಲ. ಕಂಪ್ಯೂಟರ್ ಆಪರೇಟರ್ ಇವಾಂಜಲಿನ ಬಂದು ಅದನ್ನು ಓದಿ ಹೇಳಿದಳು: ತಂತ್ರಾಂಶದ ಪರವಾನಗಿ ಮುಗಿದಿದೆ, ಕಂಪನಿಗೆ ಹೊಸದಾಗಿ ಹಣ ಕಟ್ಟುವವರೆಗೆ ಅದು ತೆರೆಯುವುದಿಲ್ಲ.

ಇದರ ಗಾಂಭೀರ್ಯ ತಿಳಿಯಬೇಕಾದರೆ ಸಂಘದ ವ್ಯವಸ್ಥೆ ಗೊತ್ತಿರಬೇಕು. ಬರ ಬಿದ್ದು ಎರಡನೇ ವರ್ಷ ನಡೆದಿತ್ತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಗೆ ಸಂಘದ ಟ್ಯಾಂಕರುಗಳು ನೀರು ಒಯ್ಯುತ್ತಿದ್ದವು. ಪ್ರತಿ ಟ್ಯಾಂಕರಿಗೂ ಕಂಪ್ಯೂಟರಿನಿಂದ ಮುದ್ರಿಸಿದ ಒಂದು ಚೀಟಿ ಬೇಕು. ಚೀಟಿ ತೋರಿಸಿದರೆ ಮಾತ್ರ ನೀರು ತುಂಬಿಸುವವನು ವಾಲ್ವ್ ತಿರುಗಿಸುತ್ತಾನೆ. ಹಳ್ಳಿ ಮುಟ್ಟಿದ ಮೇಲೆ ಚೀಟಿಯ ಬೆನ್ನಿಗೆ ಆ ಊರಿನ ಐವರು ಕಾಯಂ ನಿವಾಸಿಗಳು ಸಹಿ ಹಾಕಿದರೆ ಮಾತ್ರ ಡ್ರೈವರ್ ನೀರು ಬಿಡುತ್ತಾನೆ. ಹಿಂದಿನ ಬರದಲ್ಲಿ ಚೀಟಿಗಳನ್ನು ಕೈಯಿಂದ ಬರೆಯುತ್ತಿದ್ದಾಗ ಒಂದೂರಿನ ನೀರು ದಾರಿ ತಪ್ಪಿ ಒಬ್ಬ ನಿರ್ದೇಶಕರ ದಾಳಿಂಬೆ ತೋಟಕ್ಕೆ ಹೋಗಿತ್ತು. ದಾಳಿಂಬೆ ಬಹಳ ಚೆನ್ನಾಗಿ ಬಂದದ್ದರಿಂದ ವಿಷಯ ಹೊರಬಿತ್ತು. ಅಂದಿನಿಂದ ಕೈಬರಹ ಬಂದ್.

ಹೊಸ ಪರವಾನಗಿ ಕೊಳ್ಳುವುದು ಸಾಧ್ಯವಿರಲಿಲ್ಲ. ಬರ ಮುಗಿಯುವವರೆಗೆ ಸಂಘದ ಹಣವನ್ನು ನೀರಿನ ಹೊರತು ಬೇರೆ ಯಾವುದಕ್ಕೂ ಖರ್ಚು ಮಾಡಬಾರದೆಂದು ಠರಾವು ಆಗಿತ್ತು. ತಂತ್ರಾಂಶ ನೀರಲ್ಲ ಎಂಬುದು ಅಧ್ಯಕ್ಷ ಹಾವಗೆಪ್ಪನವರ ಸ್ಪಷ್ಟ ಅಭಿಪ್ರಾಯವಾಗಿತ್ತು. ಹೀಗೆ ನೀರಿಗೆಂದು ಉಳಿಸಿದ ಹಣದಿಂದಲೇ ನೀರು ನಿಂತಿತು. ಟ್ಯಾಂಕರುಗಳು ಕಚೇರಿಯ ಹಿಂದೆ ಸಾಲಾಗಿ ನಿಂತವು. ಅವುಗಳ ನೆರಳಿನಲ್ಲಿ ಡ್ರೈವರುಗಳು ಇಸ್ಪೀಟು ಹಾಸಿದರು.

ಅಂದು ಸಂಜೆ ಗೋರಖನಾಥರ ಅಕ್ಕ ಸುಭದ್ರಾಬಾಯಿಯ ಫೋನು ಬಂತು. ಅವರದು ಕಮಲನಗರದಿಂದ ಒಳಗೆ ಹೋದರೆ ಸಿಗುವ ಬೋರಾಳವಾಡಿಯಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರ ದನಿ ಗಿರಣಿ ನಿಂತಾಗಲೂ ಅಷ್ಟೇ ದೊಡ್ಡದಾಗಿರುತ್ತಿತ್ತು.

“ಟ್ಯಾಂಕರ್ ಯಾಕ ಬರ್ಲಿಲ್ಲೋ ತಮ್ಮಾ?”

“ಪರವಾನಗಿ ಮುಗ್ದದ ಅಕ್ಕಾ.”

“ಯಾರ್ದು, ನೀರಿಂದಾ?”

“ಕಂಪ್ಯೂಟರಿಂದು.”

“ಕಂಪ್ಯೂಟರ್ ನೀರು ಕುಡಿತದೇನು?”

“ಇಲ್ಲ.”

“ಹಂಗಾದ್ರ ಅದಕ್ಕ ಬಿಟ್ಟು ನಮಗ ಕಳ್ಸು.”

ಗೋರಖನಾಥರಿಗೆ ಅಕ್ಕನ ಮೇಲೆ ಪ್ರೀತಿ ಇತ್ತು, ನಿಯಮಗಳ ಮೇಲೆ ಗೌರವ ಇತ್ತು. ಎರಡರ ನಡುವೆ ಇಷ್ಟು ವರ್ಷ ಜಗಳ ಬಂದಿರಲಿಲ್ಲ. ಮಂದಿ ಊರು ಬಿಡಲಿಕ್ಕೆ ಹತ್ತಿದ್ದಾರೆ, ಕೆಲವರು ಹೈದರಾಬಾದಿನ ಲಾರಿ ಹತ್ತಿದ್ದಾರೆ, ಮಂದಿ ಇಲ್ಲದಿದ್ದರೆ ಗಿರಣಿಗೆ ಜೋಳ ಯಾರು ತರುತ್ತಾರೆ ಎಂದು ಅಕ್ಕ ಕೇಳಿದರು. ಗೋರಖನಾಥರು ವಿಷಯ ಪರಿಶೀಲನೆಯಲ್ಲಿದೆ ಎಂದರು. ಅದು ಸುಳ್ಳಾಗಬಾರದೆಂದು ಮರುದಿನ ಬೆಳಿಗ್ಗೆಯೇ ಪರಿಶೀಲನೆ ಆರಂಭಿಸಿದರು.

ದಾರಿ ತೋರಿಸಿದವಳು ಇವಾಂಜಲಿನ. ಮುಕ್ತ ತಂತ್ರಾಂಶ ಎಂಬುದೊಂದಿದೆ. ದೇಶ ದೇಶಗಳ ಸಾವಿರಾರು ಮಂದಿ ಕೂಡಿ ಮಾಡಿ ಬಿಟ್ಟಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೆ ಏನಿದೆಯೆಂದು ಬಿಚ್ಚಿ ನೋಡಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಚೀಟಿ ಮುದ್ರಿಸುವಂಥದ್ದೂ ಅದರಲ್ಲಿದೆ, ಮಧ್ಯಾಹ್ನದೊಳಗೆ ಹಾಕಿ ಕೊಡುತ್ತೇನೆ ಎಂದಳು. ಗೋರಖನಾಥರು ‘ಮಧ್ಯಾಹ್ನ’ ಎಂಬ ಮಾತೊಂದನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡರು.

ವಾರದೊಳಗೆ ಮಾಹಿತಿ ತಂತ್ರಜ್ಞಾನ ಕಾರ್ಯತಂತ್ರ ಉಪಸಮಿತಿ ಸೇರಿತು. ಹಾವಗೆಪ್ಪನವರಿಗೆ ಮೊದಲು ಹಿಡಿಸದ ಸಂಗತಿಯೆಂದರೆ ಯಾರು ಬೇಕಾದರೂ ಒಳಗೆ ನೋಡಬಹುದು ಎಂಬುದು. ಮುನ್ನೆಚ್ಚರಿಕೆಯಾಗಿ ಕಂಪ್ಯೂಟರ್ ಕೋಣೆಯ ಕಿಟಕಿಗೆ ಪರದೆ ಕಟ್ಟಲಾಯಿತು. ಎರಡನೆಯ ಪ್ರಶ್ನೆ ಇನ್ನೂ ಮೂಲಭೂತವಾಗಿತ್ತು. ಸಂಘದೊಳಗೆ ಒಂದು ವಸ್ತು ಮೂರೇ ದಾರಿಯಿಂದ ಬರಬಹುದು: ಖರೀದಿ, ದಾನ ಅಥವಾ ಜಪ್ತಿ. ಫುಕಟ್ ಸಿಗುವುದರಿಂದ ಇದು ಖರೀದಿಯಲ್ಲ. ಒಬ್ಬ ಸದಸ್ಯರು ಜಪ್ತಿ ಮಾಡಬಹುದೆಂದು ಸೂಚಿಸಿದರು, ಆದರೆ ಅದಕ್ಕೆ ಎದುರು ಪಾರ್ಟಿ ಬೇಕಾಗುತ್ತದೆ. ಕೊನೆಗೆ ಇದು ದಾನ ಎಂದು ತೀರ್ಮಾನವಾಯಿತು.

ದಾನದ ನಿಯಮವನ್ನು ಬರೆದವರು ಸ್ವತಃ ಗೋರಖನಾಥರು. ಹಿಂದೆ ಒಬ್ಬರು ಸಂಘಕ್ಕೆ ಗೋಡೆ ಗಡಿಯಾರ ಕೊಟ್ಟಿದ್ದರು. ಅವರಿಗೆ ಶಾಲು ಹೊದಿಸುವ ಮೊದಲೇ ಯಾರೋ ಅದಕ್ಕೆ ಸೆಲ್ಲು ಹಾಕಿ ಟೈಮು ನೋಡಿಬಿಟ್ಟಿದ್ದರು. ದಾನಿ ಬಂದು, ಸ್ಟೂಲ್ ಹತ್ತಿ ಗಡಿಯಾರ ಇಳಿಸಿಕೊಂಡು ಹೋದರು. ಅಂದಿನಿಂದ ಕಚೇರಿಯಲ್ಲಿ ಗಡಿಯಾರವಿಲ್ಲ, ನಿಯಮವಿದೆ: ‘ದಾನಿಯ ಹೆಸರನ್ನು ಕಾಣುವಂತೆ ಬರೆಯಿಸಿ, ದಾನಿಯನ್ನು ಶಾಲು, ಹಾರಗಳಿಂದ ಸನ್ಮಾನಿಸಿದ ಹೊರತು ದಾನದ ವಸ್ತುವನ್ನು ಬಳಸತಕ್ಕದ್ದಲ್ಲ.’ ಸಭಾಂಗಣದ ಫ್ಯಾನಿನ ರೆಕ್ಕೆ, ಬೆಂಚಿನ ಬೆನ್ನು, ಕುಡಿಯುವ ನೀರಿನ ಹಂಡೆ, ಎಲ್ಲದರ ಮೇಲೂ ಪೇಂಟರ್ ನಜಮೋದ್ದೀನ ಕೆಂಪು ಬಣ್ಣದಲ್ಲಿ ಹೆಸರು ಬರೆದಿದ್ದ. ಫ್ಯಾನ್ ತಿರುಗುವಾಗ ದಾನಿಯ ಹೆಸರು ಓದಲಿಕ್ಕೆ ಬರುವುದಿಲ್ಲವೆಂದು ದೂರು ಬಂದ ಮೇಲೆ ಫ್ಯಾನು ಹಾಕುವುದನ್ನು ನಿಲ್ಲಿಸಲಾಗಿತ್ತು.

ಇವಾಂಜಲಿನ ತಂತ್ರಾಂಶದ ದಾನಿಗಳ ಹೆಸರುಗಳನ್ನು ಪರದೆಯ ಮೇಲೆ ತೆರೆದಳು. ಹೆಸರುಗಳು ಕೆಳಗೆ ಕೆಳಗೆ ಓಡುತ್ತಲೇ ಇದ್ದವು. ಸಮಿತಿ ಚಹಾ ಕುಡಿದು ಮುಗಿಸಿದರೂ ನಿಲ್ಲಲಿಲ್ಲ. ಕೆಲವರು ನಿಜವಾದ ಹೆಸರನ್ನೇ ಕೊಟ್ಟಿರಲಿಲ್ಲ. ಒಬ್ಬ ತನ್ನನ್ನು ‘ಹಸಿರು ಕಪ್ಪೆ’ ಎಂದು ಕರೆದುಕೊಂಡಿದ್ದ. ಕಪ್ಪೆಗೆ ಎಷ್ಟು ಉದ್ದದ ಶಾಲು ಬೇಕಾದೀತು ಎಂದು ಹಾವಗೆಪ್ಪನವರು ಕೇಳಿದರು. ಯಾರೂ ನಗಲಿಲ್ಲ, ಏಕೆಂದರೆ ಅವರು ನಗಿಸಲು ಕೇಳಿರಲಿಲ್ಲ.

ಎಲ್ಲ ದಾನಿಗಳಿಗೂ ಆಮಂತ್ರಣ ಹೋಯಿತು: ಬೀದರ ಬಸ್ ನಿಲ್ದಾಣದಿಂದ ಆಟೋ ಸಿಗುತ್ತದೆ, ಊಟದ ವ್ಯವಸ್ಥೆ ಇದೆ, ಕುಡಿಯುವ ನೀರು ಮಾತ್ರ ತಾವೇ ತರತಕ್ಕದ್ದು. ಬಹಳ ದಿನ ಉತ್ತರ ಬರಲಿಲ್ಲ. ಕೊನೆಗೆ ದೂರ ದೇಶದ ಒಬ್ಬ ದಾನಿಯಿಂದ ಬಂತು. ಶಾಲು ಬೇಡ, ಸುಮ್ಮನೆ ಬಳಸಿ; ಬಳಸುವಾಗ ದೋಷಗಳು ಕಂಡರೆ ದಯವಿಟ್ಟು ತಿಳಿಸಿ, ಅದೇ ನಮಗೆ ದೊಡ್ಡ ಉಪಕಾರ ಎಂದು ಬರೆದಿದ್ದ. ಸಮಿತಿ ಇದನ್ನು ಎರಡು ಸಲ ಓದಿಸಿತು. ಕೊಟ್ಟವನೇ ತಾನು ಕೊಟ್ಟದ್ದರಲ್ಲಿ ಹುಳುಕು ಹುಡುಕಿ ಎನ್ನುವುದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ತಮ್ಮ ದಾನದಲ್ಲಿ ಯಾವ ದೋಷವೂ ಇಲ್ಲ, ಇದ್ದರೂ ನಾವು ಹೇಳುವವರಲ್ಲ ಎಂದು ಗೋರಖನಾಥರು ವಿನಯದಿಂದ ಉತ್ತರ ಬರೆದರು.

ಇತ್ತ ಶಾಲುಗಳ ಪ್ರಶ್ನೆ ಎದ್ದಿತು. ಖರ್ಚು ಮಾಡುವಂತಿಲ್ಲವಾದ್ದರಿಂದ ಶಾಲುಗಳನ್ನೂ ದಾನ ಪಡೆಯಬೇಕು. ಶಾಲು ದಾನ ಮಾಡಿದವರಿಗೂ ಶಾಲು ಹೊದಿಸಬೇಕು. ಅವರ ಶಾಲನ್ನೇ ಅವರಿಗೆ ಹೊದಿಸಿ, ಚಪ್ಪಾಳೆ ಮುಗಿದ ಮೇಲೆ ವಾಪಸ್ ಪಡೆಯತಕ್ಕದ್ದೆಂದು ಉಪನಿಯಮ ಮಾಡಲಾಯಿತು. ಹೆಸರು ಬರೆಯಲು ಕಂಪ್ಯೂಟರಿನ ಮೈ ಸಾಲದೆಂದು ಹಾವಗೆಪ್ಪನವರು ಗ್ರಾನೈಟ್ ಕಲ್ಲೊಂದನ್ನು ದಾನ ಮಾಡಿದರು. ಕಲ್ಲಿನ ಮೇಲ್ಭಾಗದ ಕಾಲು ಪಾಲು ಅವರ ಹೆಸರಿಗೇ ಹೋಯಿತು. ಉಳಿದದ್ದರಲ್ಲಿ ನಜಮೋದ್ದೀನ ಕೂದಲೆಳೆಯ ಕುಂಚ ಹಿಡಿದು ಇಡೀ ಜಗತ್ತನ್ನು ಬರೆಯತೊಡಗಿದ.

ಬೋರಾಳವಾಡಿಯ ಫೋನು ತಪ್ಪದೆ ಬರುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯವರು ಬೀಗ ಹಾಕಿದ ಸುದ್ದಿ, ಇನ್ನೊಂದು ಸಂಜೆ ಸಾಲಿ ಮಾಸ್ತರರ ಮನೆಯವರು. ಗಿರಣಿಯ ಪಟ್ಟಾ ಬಿಚ್ಚಿ ಮೂಲೆಗೆ ಇಟ್ಟಿದ್ದೇನೆ ಎಂದು ಸುಭದ್ರಾಬಾಯಿ ಹೇಳಿದರು. ಈಗ ಅವರ ದನಿ ಸ್ವಲ್ಪ ಸಣ್ಣದಾಗಿತ್ತು. ಗೋರಖನಾಥರಿಗೆ ಅದು ಫೋನಿನ ದೋಷ ಅನ್ನಿಸಿತು.

ಮೇ ತಿಂಗಳಲ್ಲಿ ಒಂದು ದಿನ ನಜಮೋದ್ದೀನ ಕುಂಚ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ದಾನಿಗಳ ಹೆಸರುಗಳಲ್ಲಿ ಒಂದು ತನಗೆ ಪರಿಚಯದ್ದು ಎಂದ. ನೋಡಿದರೆ ಇವಾಂಜಲಿನಳ ಹೆಸರು. ಕಾಲೇಜಿನಲ್ಲಿದ್ದಾಗ ಅವಳು ಅದೇ ತಂತ್ರಾಂಶದ ಕೆಲವು ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದಳು. ‘ಮುದ್ರಿಸು’ ಎಂಬುದು ಅವಳದೇ.

“ಮದ್ಲೇ ಯಾಕ ಹೇಳಲಿಲ್ಲ?” ಎಂದರು ಗೋರಖನಾಥರು.

“ಅದು ದಾನ ಅಂತ ನನಗ ಅನಸಲೇ ಇಲ್ಲರಿ ಸರ್.”

ಸಮಿತಿಗೆ ಹೋದ ಜೀವ ಬಂದಂತಾಯಿತು. ಎಲ್ಲ ದಾನಿಗಳ ಪರವಾಗಿ ಇವಳೊಬ್ಬಳನ್ನೇ ಸನ್ಮಾನಿಸಬಹುದು. ಆದರೆ ನೌಕರರಿಂದ ದಾನ ಪಡೆಯಬಾರದೆಂದು ಇನ್ನೊಂದು ನಿಯಮವಿತ್ತು. ಹಿಂದೆ ಒಬ್ಬ ವಾಚಮನ್ ಕಸಬರಿಗೆ ದಾನ ಕೊಟ್ಟು ಜಮಾದಾರನ ಹುದ್ದೆ ಕೇಳಿದ್ದ. ಹಾಗಾಗಿ ಇವಾಂಜಲಿನ ರಾಜೀನಾಮೆ ಕೊಟ್ಟರೆ ಮಾತ್ರ ಸಂಘ ಅವಳಿಗೆ ಗೌರವ ತೋರಿಸಲು ಸಾಧ್ಯ. ಇದನ್ನು ಅವಳಿಗೆ ಹೇಳುವಾಗ ಗೋರಖನಾಥರು ಪೇಪರ್‌ವೇಟನ್ನು ಮೇಜಿನ ಮೇಲೆ ತಿರುಗಿಸುತ್ತಿದ್ದರು.

“ರಾಜೀನಾಮಾ ಕೊಟ್ರ ನೀರು ಹೋಗ್ತದೇನ್ರಿ?”

“ಹೋಗ್ತದ.”

“ನಿಮ್ಮ ಅಕ್ಕನವರ ಊರಿಗಿನೂ?”

“ಮೊದಲನೇ ಟ್ಯಾಂಕರ್ ಅಲ್ಲಿಗೇ.”

ಅವಳು ಅಲ್ಲಿಯೇ ಕುಳಿತು ರಾಜೀನಾಮೆ ಬರೆದಳು. ಅದು ಕೈಬರಹದಲ್ಲಿ ಇದ್ದದ್ದರಿಂದ ಸ್ವೀಕರಿಸಬಹುದೇ ಎಂಬ ಚರ್ಚೆ ಸ್ವಲ್ಪ ಹೊತ್ತು ನಡೆದು, ನೀರಿನ ಚೀಟಿಗಳಿಗೆ ಮಾತ್ರ ಕೈಬರಹ ನಿಷಿದ್ಧ ಎಂದು ತೀರ್ಮಾನವಾಯಿತು.

ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಶಾಲು ಹೊದಿಸಿಕೊಂಡ ಇವಾಂಜಲಿನ ವೇದಿಕೆಯ ಮೇಲೆಯೇ, ಮಾಜಿ ನೌಕರಳಾಗಿ, ತಂತ್ರಾಂಶ ಹಾಕಿಕೊಟ್ಟಳು. ಚಪ್ಪಾಳೆ ನಿಲ್ಲುವ ಮೊದಲೇ ಅದು ಚೀಟಿ ಕೊಡಲು ತಯಾರಾಗಿತ್ತು. ಗೋರಖನಾಥರಿಗೆ ಅವಳು ಒಂದೇ ಗುಂಡಿ ಕಲಿಸಿದಳು. ಅವರು ‘ಮುದ್ರಿಸು’ ಒತ್ತಿದರು, ಮೊದಲ ಚೀಟಿ ಹೊರಬಂತು. ಶಾಲು ಉಪನಿಯಮದ ಪ್ರಕಾರ ವಾಪಸ್ ಹೋಯಿತು. ಇವಾಂಜಲಿನ ಮರುವಾರದಿಂದ ಮಿಷನ್ ಸಾಲಿಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸತೊಡಗಿದಳು. ಅಲ್ಲಿ ಮುಕ್ತ ತಂತ್ರಾಂಶವನ್ನು ಯಾರನ್ನೂ ಕೇಳದೆ ಬಳಸುತ್ತಿದ್ದರು.

ಮೊದಲ ಟ್ಯಾಂಕರಿನಲ್ಲಿ ಡ್ರೈವರ್ ಸಲಾವೋದ್ದೀನನ ಪಕ್ಕ ಗೋರಖನಾಥರೇ ಕುಳಿತು ಬೋರಾಳವಾಡಿಗೆ ಹೋದರು. ದಾರಿಯುದ್ದಕ್ಕೂ ಹಿಂದೆ ನೀರು ತುಳುಕುವ ಸದ್ದು ಕೇಳಿ ಅವರಿಗೆ ಹಾಯೆನಿಸಿತ್ತು. ಊರ ಬಾಗಿಲಿನಲ್ಲಿ ನಾಯಿ ಕೂಡ ಬೊಗಳಲಿಲ್ಲ. ಎರಡೂ ಕಡೆ ಬೀಗಗಳು. ಗಿರಣಿಯ ಮುಂದೆ ಸುಭದ್ರಾಬಾಯಿ ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿದ್ದರು.

ಸಲಾವೋದ್ದೀನ ಚೀಟಿ ತಿರುಗಿಸಿ ಬೆನ್ನಿನ ಖಾಲಿ ಗೆರೆಗಳನ್ನು ತೋರಿಸಿದ. ಗೋರಖನಾಥರು ಜೇಬಿನಿಂದ ಪೆನ್ನು ತೆಗೆದರು.

“ಐದು ಮಂದಿ ಸಹಿ ಬೇಕು ಅಕ್ಕಾ.”

“ನಾ ಒಬ್ಬಾಕಿ, ನೀ ಒಬ್ಬ. ಉಳಿದದ್ದು ನಾನೇ ಮಾಡ್ತೇನಿ, ತಾ.”

“ನಾ ಇಲ್ಲಿ ನಿವಾಸಿ ಅಲ್ಲ.”

“ಇದೇ ಊರಾಗ ಹುಟ್ಟಿದಿಯಲ್ಲೋ.”

“ಹುಟ್ಟಿದ್ದಕ್ಕ ಕಾಲಂ ಇಲ್ಲ ಅಕ್ಕಾ.”

ಸುಭದ್ರಾಬಾಯಿ ತಮ್ಮನ ಮುಖ ನೋಡಿದರು. ಬೈಯುತ್ತಾರೆಂದು ಗೋರಖನಾಥರು ಕಾದರು. ಅಕ್ಕ ಬೈಯಲಿಲ್ಲ. ಸಲಾವೋದ್ದೀನ ಸೀಟಿನ ಕೆಳಗಿದ್ದ ತನ್ನ ಸ್ವಂತ ಬಾಟಲಿ ತೆಗೆದು, ಇದು ಸಂಘದ್ದಲ್ಲ, ಚೀಟಿ ಬೇಕಿಲ್ಲ, ಕುಡೀರಿ ಅಮ್ಮಾ ಎಂದ. ಸುಭದ್ರಾಬಾಯಿ ಒಂದೇ ಸಲಕ್ಕೆ ಅದನ್ನು ಖಾಲಿ ಮಾಡಿದರು. ಆಮೇಲೆ ಗಿರಣಿಗೆ ಬೀಗ ಹಾಕಿ, ಖಾಲಿ ಕೊಡಗಳನ್ನು ಒಂದೊಂದಾಗಿ ಟ್ಯಾಂಕರಿನ ಏಣಿಗೆ ಕಟ್ಟಿದರು.

“ನೀರು ಇಲ್ಲಿ ಇಳಿಯಂಗಿಲ್ಲ ಅಂದ್ರ, ನಾನೇ ನೀರಿನ ಸಂಗಾಟ ಬರ್ತೇನಿ,” ಎಂದು ಒಳಗೆ ಹತ್ತಿ, ತಮ್ಮನಿಗೆ ‘ಸ್ವಲ್ಪ ಸರಿ’ ಎಂದರು.

ತುಂಬಿದ ಟ್ಯಾಂಕರ್ ತುಂಬಿದಂತೆಯೇ ಬೀದರಕ್ಕೆ ವಾಪಸ್ ಬಂತು. ವಾಪಸ್ ಬಂದ ನೀರನ್ನು ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಉಪಸಮಿತಿ ಸೇರಿತು. ಅಂಗಳದ ಗ್ರಾನೈಟ್ ಕಲ್ಲು ಬರದ ಧೂಳಿಗೆ ಕೆಂಪಾಗಿ, ದಾನಿಗಳ ಹೆಸರು ಕಾಣದಂತಾಗಿರುವುದನ್ನು ಹಾವಗೆಪ್ಪನವರು ಸಭೆಯ ಗಮನಕ್ಕೆ ತಂದರು. ಹೆಸರು ಕಾಣದಿದ್ದರೆ ತಂತ್ರಾಂಶ ಬಳಸುವಂತಿಲ್ಲ. ತಂತ್ರಾಂಶ ಬಳಸದಿದ್ದರೆ ನೀರಿಲ್ಲ. ಆದ್ದರಿಂದ ಕಲ್ಲು ತೊಳೆಯುವುದು ನೀರಿನ ಕೆಲಸವೇ. ಐವರ ಸಹಿ ಹೇಗೆ ಎಂದು ಗೋರಖನಾಥರು ಕೇಳಿದರು. ಕಲ್ಲಿನ ಮೇಲೆ ಸಾವಿರಾರು ಮಂದಿ ಕಾಯಂ ಆಗಿ ಇದ್ದಾರೆ, ಯಾರೂ ಊರು ಬಿಟ್ಟು ಹೋಗುವವರಲ್ಲ, ಸಹಿಯಿಂದ ವಿನಾಯಿತಿ ಕೊಡಬಹುದು ಎಂದು ತೀರ್ಮಾನವಾಯಿತು. ಗೋರಖನಾಥರು ಅದನ್ನು ನಿಯಮವಾಗಿ ಬರೆದರು. ಭಾಷೆ ಚೆನ್ನಾಗಿ ಬಂದಿದೆಯೆಂದು ಎಲ್ಲರೂ ಹೇಳಿದರು.

ಹಲಬರ್ಗಾದ ಕಡೆ ಹೋದ ಟ್ಯಾಂಕರಿಗೆ ಐವರು ಸಿಕ್ಕರು, ಅಲ್ಲಿ ನೀರು ಇಳಿಯಿತು. ಬೋರಾಳವಾಡಿಯ ಟ್ಯಾಂಕರ್ ಪ್ರತಿ ಗುರುವಾರ ಚೀಟಿಯೊಂದಿಗೆ ಹೋಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಅದರ ಒಂದು ಸುತ್ತೂ ತಪ್ಪಿಲ್ಲ. ಮುಕ್ತ ತಂತ್ರಾಂಶ ಅಳವಡಿಕೆ ಸಂಪೂರ್ಣ ಯಶಸ್ವಿಯಾಗಿದೆ ಎಂದು ವಾರ್ಷಿಕ ವರದಿಯಲ್ಲಿದೆ. ಗುರುವಾರ ಸಂಜೆ ಟ್ಯಾಂಕರ್ ಬಂದ ಮೇಲೆ ಸುಭದ್ರಾಬಾಯಿ ತಮ್ಮ ಕೊಡಗಳಲ್ಲಿ ನೀರು ಹಿಡಿದು ಕಲ್ಲು ತೊಳೆಯುತ್ತಾರೆ. ಸಂಘ ಕೊಟ್ಟ ಈ ಕೆಲಸ ತಾತ್ಕಾಲಿಕ.