ಗಿಟಾರಿನ ಕತ್ತಿಗೆ ಕೈ ಹಾಕಿದ್ದು

ಸದ್ದುಗಳ ವಿಷಯದಲ್ಲಿ ನನಗೊಂದು ಕೆಟ್ಟ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಹೋಟೆಲಿಗೆ ಹೋದರೆ ದೋಸೆ ಗರಿಗರಿಯಾಗಿದೆಯೇ ಎಂದು ನೋಡುತ್ತಾರೆ. ನಾನು ತಲೆಯ ಮೇಲಿನ ಎಸಿಯ ಫ್ಯಾನಿನ ಬೇರಿಂಗ್ ಸವೆದಿದೆಯೇ ಎಂದು ಕಿವಿಗೊಟ್ಟು ಕೂರುತ್ತೇನೆ. ದುಬೈ, ಅಬುಧಾಬಿಗಳಲ್ಲಿ ಹದಿನಾರು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ಎಸಿ ನೋಡಿಕೊಂಡು ಬಂದವನಿಗೆ ಇದು ಸಹಜ ಎಂದು ನನ್ನ ವಾದ. ನನ್ನ ಹೆಂಡತಿ ಸುನಂದಾಳ ವಾದ ಬೇರೆ. ಒಮ್ಮೆ ನಮ್ಮ ಕನ್ನಡದವರೆಲ್ಲ ಸೇರಿದ್ದ ಒಂದು ಗಾಯನ ಕಾರ್ಯಕ್ರಮದಲ್ಲಿ ಎಲ್ಲಿಂದಲೋ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ ಬಗ್ಗಿ ಬಗ್ಗಿ ವೇದಿಕೆಯ ಬದಿಗೆ ಹೋಗಿ, ಪರದೆಯ ಸಂದಿಯಲ್ಲಿ ಸದ್ದು ಮಾಡುತ್ತಿದ್ದ ಪೆಟ್ಟಿಗೆಯನ್ನು ಪತ್ತೆಹಚ್ಚಿ ಗುಂಡಿ ಒತ್ತಿ ಆರಿಸಿದೆ. ಅದು ಹಾಡುವವರ ಎಲೆಕ್ಟ್ರಾನಿಕ್ ತಂಬೂರಿಯಾಗಿತ್ತು. ಪಾಪ, ಆ ತಾಯಿ ಆಲಾಪದ ನಡುವೆ ಕಣ್ಣು ತೆರೆದು, ದಾರಿ ತಪ್ಪಿದವರಂತೆ ಸುತ್ತಲೂ ನೋಡಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಸುನಂದಾ ಒಂದು ತಿಂಗಳು ನನ್ನ ಜೊತೆ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಇಂಥ ಮನುಷ್ಯನ ಮನೆಗೆ ಎಲೆಕ್ಟ್ರಿಕ್ ಗಿಟಾರ್ ಬಂತು. ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲಿ ಜೋರ್ಡಾನಿನ ಒಂದು ಕುಟುಂಬವಿತ್ತು. ಅವರ ಮಗಳು ಮರಿಯಂ, ನನ್ನ ಮಗಳು ಮೇಧಾ ಒಂದೇ ಕ್ಲಾಸು. ಮರಿಯಂಳ ಅಪ್ಪನಿಗೆ ಇದ್ದಕ್ಕಿದ್ದಂತೆ ಕೆಲಸ ಹೋಗಿ, ವೀಸಾ ರದ್ದಾಗಿ, ಅವರು ತಮ್ಮೂರು ಅಮ್ಮಾನಿಗೆ ಹೊರಟುಹೋದರು. ಹೊರಡುವ ದಿನ ಸೋಫಾ, ಕುಕ್ಕರು, ಕರ್ಟನ್ ಎಲ್ಲವೂ ಲಿಫ್ಟಿನಲ್ಲಿ ಯಾರು ಯಾರದೋ ಮನೆಗೆ ಹೋದವು. ಕಡುಗೆಂಪು ಬಣ್ಣದ ಗಿಟಾರ್ ಮಾತ್ರ ನಮ್ಮ ಮನೆಗೆ ಬಂತು. ಎಲ್ಲವೂ ಹಂಚಿಹೋಗುವಾಗ ಕೊಟ್ಟ ಉಡುಗೊರೆ ಇರಬೇಕು ಎಂದುಕೊಂಡೆ. ವಿಚಾರಿಸಲಿಲ್ಲ. ಮೇಧಾಳ ಕೋಣೆಯಲ್ಲಿ ಎಸಿಯ ಗಾಳಿ ನೇರವಾಗಿ ಬೀಳುವ ಮೂಲೆಯನ್ನು ಆರಿಸಿ, ಸ್ಟ್ಯಾಂಡಿನ ಮೇಲೆ ನಾನೇ ಅದನ್ನು ನಿಲ್ಲಿಸಿದೆ. ದುಬೈಯ ಸೆಕೆಯಲ್ಲಿ ಮರದ ವಸ್ತು ತಣ್ಣಗಿರಲಿ ಎಂದು.

ಮೇಧಾ ಶಾಲೆಯಿಂದ ಬಂದ ಕೂಡಲೇ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಅವಳು ನುಡಿಸುತ್ತಿದ್ದದ್ದು ಚೆನ್ನಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದೇ. ನಡುನಡುವೆ ಒಂದು ಸ್ವರ ಬಂದಾಗ ‘ಝರ್ರ್’ ಎನ್ನುತ್ತಿತ್ತು, ಲೋಟದೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ನಾನು ಪೇಪರ್ ಮಡಚಿಟ್ಟು ಎದ್ದೆ.

“ರೀ, ಅದು ಎಸಿ ಅಲ್ರೀ. ಹುಡುಗಿ ಸಾಮಾನದು, ಕೈ ಹಚ್ಚಬ್ಯಾಡ್ರಿ” ಎಂದಳು ಸುನಂದಾ.

“ಕೈ ಎಲ್ಲಿ ಹಚ್ಚೀನಿ? ಬರೇ ಕಿವಿ ಹಚ್ಚೇನಿ” ಎಂದೆ.

ಮೊದಲು ಅರ್ತಿಂಗ್ ಸರಿಯಿಲ್ಲ ಎಂದು ತೀರ್ಮಾನಿಸಿ ಗೋಡೆಯ ಸಾಕೆಟ್ ಬಿಚ್ಚಿದೆ. ಮೇಧಾ ವೈರು ಕಿತ್ತು, ಕರೆಂಟೇ ಇಲ್ಲದೆ ತಂತಿ ಮೀಟಿ ತೋರಿಸಿದಳು. ಝರ್ರ್. ಆಮೇಲೆ ಕಿಟಕಿಯ ಗಾಜು ಅದುರುತ್ತಿದೆ ಎಂದು ಸಂದಿಗೆ ರಟ್ಟು ತುರುಕಿದೆ. ಝರ್ರ್. ಮೇಧಾ ತಾಳ್ಮೆಯಿಂದ, “ಅಪ್ಪಾ, ಇಟ್ಸ್ ಓನ್ಲಿ ದಿಸ್ ಒನ್ ನೋಟ್. ಇಟ್ಸ್ ಓಕೆ” ಎಂದಳು. ಅವಳ ಪಾಲಿಗೆ ಅದು ಓಕೆ. ನಾನಾದರೋ ಆಫೀಸಿನ ಮೀಟಿಂಗಿನಲ್ಲೂ ಅದನ್ನೇ ಯೋಚಿಸತೊಡಗಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ನನಗೆ ಆಶ್ಚರ್ಯ ಕಾದಿತ್ತು. ಗಿಟಾರಿನ ಉದ್ದನೆಯ ಹಿಡಿಕೆಗೆ ನೆಕ್, ಅಂದರೆ ಕತ್ತು ಎನ್ನುತ್ತಾರಂತೆ. ಆ ಕತ್ತಿನ ಒಳಗೆ ನಮ್ಮ ಬೆನ್ನುಹುರಿಯ ಹಾಗೆ ಒಂದು ಉಕ್ಕಿನ ಸರಳು ಇರುತ್ತದಂತೆ. ತುದಿಯಲ್ಲಿ ಅದಕ್ಕೊಂದು ನಟ್ಟು. ಅಲೆನ್ ಕೀ, ಅಂದರೆ ಆರು ಮೂಲೆಯ ಪುಟ್ಟ ಕೀಲಿ, ಹಾಕಿ ತಿರುಗಿಸಿದರೆ ಕತ್ತು ಹಿಂದಕ್ಕೋ ಮುಂದಕ್ಕೋ ಬಾಗುತ್ತದಂತೆ. ಮುಂದಿನ ಎರಡು ಪುಟ ಎಚ್ಚರಿಕೆಯ ಮಾತುಗಳಿದ್ದವು. ನಾನು ಅಷ್ಟು ದೂರ ಓದಲಿಲ್ಲ. ನಟ್ಟು ಇದೆ ಎಂದಮೇಲೆ ಅದು ನನ್ನ ಕ್ಷೇತ್ರ.

ಬುಧವಾರ ವೀಸಾದ ಮೆಡಿಕಲ್ ಪರೀಕ್ಷೆಗೆಂದು ಅರ್ಧ ದಿನ ರಜೆ ಹಾಕಿದ್ದೆ. ಮಧ್ಯಾಹ್ನ ಮನೆಗೆ ಬಂದಾಗ ಯಾರೂ ಇರಲಿಲ್ಲ. ಗಿಟಾರನ್ನು ಊಟದ ಮೇಜಿನ ಮೇಲೆ ಮಲಗಿಸಿ, ಕತ್ತಿನ ತುದಿಯಲ್ಲಿದ್ದ ಪುಟ್ಟ ಮುಚ್ಚಳ ಬಿಚ್ಚಿದೆ. ಒಳಗೆ ನಟ್ಟು ಕಂಡಿತು. ಹಳೆಯ ಸ್ನೇಹಿತ ಸಿಕ್ಕಷ್ಟು ಖುಷಿಯಾಯಿತು. ನಮ್ಮ ಕೆಲಸದಲ್ಲಿ ಅದುರುವ ವಸ್ತುವನ್ನು ಬಿಗಿ ಮಾಡಬೇಕು, ಅಷ್ಟೇ. ಅರ್ಧ ಸುತ್ತು ಬಿಗಿ ಮಾಡಿದೆ. ತಂತಿ ಮೀಟಿದೆ. ಝರ್ರ್. ಇನ್ನರ್ಧ ಸುತ್ತು. ಸ್ವಲ್ಪ ಬಿಗಿಯೆನಿಸಿತು. ಎಡಗೈಯಲ್ಲಿ ಕತ್ತನ್ನು ಅಮುಕಿ ಹಿಡಿದು, ಹಲ್ಲು ಕಚ್ಚಿ ಇನ್ನೊಂದಿಷ್ಟು ತಿರುಗಿಸಿದೆ.

‘ಕಟ್!’

ಆ ಸದ್ದು ಗಿಟಾರಿನದೋ ನನ್ನ ಎದೆಯದೋ ಒಂದು ಕ್ಷಣ ತಿಳಿಯಲಿಲ್ಲ. ಅಲೆನ್ ಕೀ ಕೈಯಿಂದ ಜಾರಿ ಟೈಲ್ಸಿನ ಮೇಲೆ ಬಿತ್ತು. ತಂತಿಗಳನ್ನು ಒಂದೊಂದಾಗಿ ಮೀಟಿದೆ. ಮೊದಲು ಒಂದು ಸ್ವರ ಝರ್ರ್ ಎನ್ನುತ್ತಿತ್ತು. ಈಗ ಆರೂ ತಂತಿಗಳು, ಎಲ್ಲಿ ಒತ್ತಿದರೂ, ತಗಡಿನ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಕಿರುಚಿದವು. ಮುಚ್ಚಳವನ್ನು ಹಾಕಿ, ಗಿಟಾರನ್ನು ಅದರ ಮೂಲೆಯಲ್ಲಿ ಮೊದಲಿದ್ದ ಕೋನದಲ್ಲೇ ನಿಲ್ಲಿಸಿ, ಕೈತೊಳೆದು, ಬಹಳ ವರ್ಷಗಳ ನಂತರ ದೇವರ ಮುಂದೆ ದೀಪ ಹಚ್ಚಿದೆ.

ಮೇಧಾ ಬಂದಳು. ಬಾಗಿಲು ಹಾಕಿಕೊಂಡಳು. ಒಂದೇ ಒಂದು ಸಲ ತಂತಿ ಮೀಟಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಬಾಗಿಲು ತೆರೆಯಿತು.

“ಅಪ್ಪಾ, ವಾಟ್ ಡಿಡ್ ಯೂ ಡೂ?”

“ಏನಿಲ್ಲವ್ವಾ, ಸ್ವಲ್ಪ ಬಿಗಿ ಮಾಡೇನಿ. ಹೆದರಬ್ಯಾಡ, ಹೊಸಾದು ತರೋಣು.”

ಅವಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಹದಿನೈದು ವರ್ಷದ ಹುಡುಗಿ ಸೋಫಾದ ತುದಿಯಲ್ಲಿ ಕೂತು, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ ಹೇಳಿದಳು: “ಅಪ್ಪಾ, ಅದು ನಂದಲ್ಲ. ಮರಿಯಂದು. ಇಟ್ಟುಕೋ, ಬಂದು ತಗೋತೀನಿ ಅಂತ ಹೇಳಿ ಹೋಗಿದ್ದಳು. ರಜಾಕ್ಕ ಈ ಶನಿವಾರ ದುಬೈಗೆ ಬರ್ತಾಳ.”

ನನ್ನ ಕಿವಿ ಮುಚ್ಚಿಹೋದ ಹಾಗಾಯಿತು. ಮನೆಯ ಸಾಮಾನೆಲ್ಲ ಹಂಚಿಹೋದ ಆ ದಿನ ಆ ಹುಡುಗಿ ಹಿಡಿದಿಟ್ಟುಕೊಂಡ ಒಂದೇ ಒಂದು ವಸ್ತು ಅದು. ಅಜ್ಜಿ ಕೊಡಿಸಿದ್ದಂತೆ. ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಇಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಗುರುವಾರ ಸಂಜೆ ಮೂವರೂ ಅಲ್ ಮುರಕ್ಕಬಾತ್ ಎಂಬ ಬಡಾವಣೆಯ ಒಂದು ವಾದ್ಯಗಳ ಅಂಗಡಿಗೆ ಹೋದೆವು. ಪಾರ್ಕಿಂಗ್ ಹುಡುಕುತ್ತಾ ಅದೇ ಬೀದಿಯನ್ನು ಐದು ಸಲ ಸುತ್ತಿದೆವು. ಅಂಗಡಿಯವನು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, “ನೆಕ್ ಖಲಾಸ್, ಸರ್” ಎಂದ. ಕುತ್ತಿಗೆಯ ಮೇಲೆ ಬೆರಳು ಎಳೆದು ಬೇರೆ ತೋರಿಸಿದ. ಹೊಸ ಕತ್ತು ತರಿಸಲು ಮೂರು ವಾರವಾದರೂ ಬೇಕು ಎಂದ. ಶನಿವಾರಕ್ಕೆ ಒಂದೂವರೆ ದಿನವಿತ್ತು. ಕಾರಿನಲ್ಲಿ ಮೇಧಾ ಗಿಟಾರನ್ನು ತನ್ನ ಪಕ್ಕ ಕೂರಿಸಿ ಅದಕ್ಕೆ ಸೀಟ್ ಬೆಲ್ಟ್ ಹಾಕಿದಳು. ಆಗ ಸುನಂದಾ ಬಾಯಿಬಿಟ್ಟಳು.

“ಬನಿಯಾಸ್‌ನಾಗ ಫ್ಲೇವಿಯಾ ಡಾಕ್ಟರ್ ಅದಾರಲ್ಲ, ಅವರಿಗೆ ಕೇಳೋಣು.”

“ಅವರು ಹಲ್ಲಿನ ಡಾಕ್ಟರಲ್ಲೇನು?”

“ನೀವು ಎಸಿ ಎಂಜಿನಿಯರಲ್ಲೇನ್ರಿ?”

ನಾನು ನನ್ನ ಫೋನನ್ನು ಅವಳ ಕೈಗೆ ಕೊಟ್ಟೆ. ನಾವು ಮೊದಲು ಅಬುಧಾಬಿ ಪಕ್ಕದ ಈ ಬನಿಯಾಸಿನಲ್ಲಿದ್ದಾಗ ಸುನಂದಾಳ ಹಲ್ಲು ನೋಡುತ್ತಿದ್ದವರು ಈ ಮಂಗಳೂರಿನ ಡಾಕ್ಟರಮ್ಮ. ಅವರ ಕ್ಲಿನಿಕ್ಕಿನ ಗೋಡೆಯ ಮೇಲೆ ಚರ್ಚಿನ ಗಾಯಕರ ಜೊತೆ ಗಿಟಾರ್ ಹಿಡಿದ ಅವರ ಫೋಟೋ ಇತ್ತಂತೆ. ಬಾಯಿ ತೆರೆದುಕೊಂಡು ಮಲಗಿದ್ದಾಗ ಸುನಂದಾ ನೋಡುತ್ತಿದ್ದದ್ದು ಅದನ್ನೇ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಡಾಕ್ಟರು, “ನಾಳೆ ಶುಕ್ರವಾರ, ಪೇಶೆಂಟ್ ಇಲ್ಲ, ತನ್ನಿ” ಎಂದರಂತೆ.

ಶುಕ್ರವಾರ ಬೆಳಿಗ್ಗೆ ಬನಿಯಾಸಿನ ಆ ಕ್ಲಿನಿಕ್ಕಿನಲ್ಲಿ ನಾನು ಕಂಡ ದೃಶ್ಯವನ್ನು ಯಾರೂ ನಂಬುವುದಿಲ್ಲ. ಹಲ್ಲು ಕೀಳುವ ಕುರ್ಚಿಯನ್ನು ಪೂರ್ತಿ ಮಲಗಿಸಿ, ಹಸಿರು ಬಟ್ಟೆ ಹಾಸಿ, ಡಾಕ್ಟರು ಗಿಟಾರನ್ನು ಅದರ ಮೇಲೆ ಅಂಗಾತ ಮಲಗಿಸಿದರು. ಮೇಲಿನ ದೊಡ್ಡ ದೀಪ ಹತ್ತಿತು. ಅವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡರು. ನಾನು ಕಾಯುವವರ ಬೆಂಚಿನಲ್ಲಿ ಕೂತು, ರೋಗಿಯ ಕಡೆಯವನ ಹಾಗೆ ಅಂಗೈ ಉಜ್ಜಿಕೊಂಡೆ.

“ಯಾರು ಬಿಗಿ ಮಾಡಿದ್ದು ಇದನ್ನು?” ಎಂದರು ಡಾಕ್ಟರು.

ಮೇಧಾ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಡಾಕ್ಟರಿಗೆ ತಿಳಿಯಿತು.

“ದೇಸಾಯ್ರೆ, ಇಲ್ಲಿ ಬನ್ನಿ ಮಾರಾಯ್ರೆ, ನೋಡಿ” ಎಂದು ನನ್ನನ್ನು ಕರೆದರು. ಒಂದು ತಂತಿಯನ್ನು ಕತ್ತಿನ ಎರಡೂ ತುದಿಯಲ್ಲಿ ಒತ್ತಿ ಹಿಡಿಯಲು ಮೇಧಾಳಿಗೆ ಹೇಳಿದರು. ಹಾಗೆ ಹಿಡಿದರೆ ನಡುವೆ ತಂತಿಗೂ ಕತ್ತಿನ ಮೇಲಿನ ಲೋಹದ ಪಟ್ಟಿಗೂ ಒಂದು ಕಾಗದ ತೂರುವಷ್ಟು ಜಾಗವಿರಬೇಕಂತೆ. ನಮ್ಮದರಲ್ಲಿ ಕೂದಲಿಗೂ ಜಾಗವಿರಲಿಲ್ಲ. “ಕುತ್ತಿಗೆ ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿದೆ. ತಂತಿ ಎಲ್ಲ ಪಟ್ಟಿಗೂ ತಾಗ್ತಾ ಉಂಟು. ಅದಕ್ಕೇ ಈ ಬೊಬ್ಬೆ. ಮುರಿಯಲಿಲ್ಲ. ನೀವು ಕೇಳಿದ ಶಬ್ದ ಸರಳು ಜಾರಿದ್ದು, ಅಷ್ಟೇ. ಇನ್ನು ಅರ್ಧ ಸುತ್ತು ತಿರುಗಿಸಿದ್ರೆ ನಾವು ಈಗ ಇದರ ಬೊಜ್ಜ ಮಾಡಬೇಕಿತ್ತು.”

ಬೊಜ್ಜ ಎಂದರೆ ಅವರ ಕಡೆ ಸತ್ತವರ ಕರ್ಮ ಎಂದು ಆಮೇಲೆ ತಿಳಿಯಿತು. ಮುರಿದಿಲ್ಲ ಎಂಬುದೊಂದೇ ನನ್ನ ತಲೆಗೆ ಹೋದದ್ದು. ಡಾಕ್ಟರ ತಿರುಗುವ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅದು ಅರ್ಧ ಸುತ್ತು ತಿರುಗಿ ನನ್ನನ್ನು ಗೋಡೆಯ ಕಡೆ ಮುಖ ಮಾಡಿಸಿತು. ಯಾರೂ ನಗಲಿಲ್ಲ.

ಡಾಕ್ಟರು ನಟ್ಟನ್ನು ಕೊಂಚ ಕೊಂಚವೇ ಸಡಿಲಿಸಿದರು. ಮರ ನಿಧಾನಕ್ಕೆ ತನ್ನ ಜಾಗಕ್ಕೆ ಬರಬೇಕು ಎಂದು ನಮ್ಮನ್ನು ಪಕ್ಕದ ತಮ್ಮ ಮನೆಗೆ ಕರೆದೊಯ್ದು ‘ಸಣ್ಣ’ ಎಂಬ ಅವರ ಕಡೆಯ ಇಡ್ಲಿ, ನೆಂಚಿಕೊಳ್ಳಲು ಕಡಲೆ ಗಸಿ ಬಡಿಸಿದರು. ಊಟದ ನಡುವೆ, “ಎಲ್ಲಿ ಇಡ್ತೀರಿ ಗಿಟಾರನ್ನು?” ಎಂದು ಕೇಳಿದರು. ಮೇಧಾ, “ರೈಟ್ ಅಂಡರ್ ದಿ ಎಸಿ” ಎಂದಳು. ಡಾಕ್ಟರು ಸೌಟು ಕೆಳಗಿಟ್ಟರು. ಎಸಿಯ ಒಣಗಾಳಿ ಬಿದ್ದರೆ ಮರದ ಪಸೆ ಆರಿ ಕತ್ತು ಬಾಗುತ್ತದೆ ಎಂದು ಅವರು ವಿವರಿಸುವಾಗ, ಹದಿನಾರು ವರ್ಷ ಎಸಿಯ ಗಾಳಿಯಲ್ಲಿನ ತೇವವನ್ನೇ ಅಳೆದುಕೊಂಡು ಬಂದ ನಾನು, ಇನ್ನೊಂದು ಸಣ್ಣ ಬೇಕೆಂದು ತಟ್ಟೆ ಚಾಚಿದೆ.

ಮಧ್ಯಾಹ್ನ ಮತ್ತೆ ಮೀಟಿದಾಗ ಆರು ತಂತಿಗಳೂ ಚೊಕ್ಕವಾಗಿ ನುಡಿದವು. ಹಳೆಯ ಒಂದು ಸ್ವರ ಮಾತ್ರ ಝರ್ರ್ ಎಂದಿತು. ಡಾಕ್ಟರು ಪುಟ್ಟ ಉಕ್ಕಿನ ಪಟ್ಟಿಯೊಂದನ್ನು ಕತ್ತಿನ ಮೇಲಿಟ್ಟು ಅಲ್ಲಾಡಿಸಿ ನೋಡಿದರು. ಎಂಟನೆಯ ಲೋಹದ ಪಟ್ಟಿ ಒಂದು ಕೂದಲಿನಷ್ಟು ಎದ್ದಿತ್ತು. ಸುತ್ತಲೂ ಟೇಪು ಅಂಟಿಸಿ, ಹಲ್ಲು ನುಣುಪು ಮಾಡುವ ಸಾಧನದಿಂದಲೇ ಅದನ್ನು ಉಜ್ಜಿ ಸಮ ಮಾಡಿದರು. ಯಂತ್ರ ಜುಂಯ್ ಎಂದಾಗ ಸುನಂದಾ ಕೆನ್ನೆ ಹಿಡಿದುಕೊಂಡಳು. ಮೇಧಾ ಆ ಸ್ವರ ಮೀಟಿದಳು. ಗಂಟೆಯ ಹಾಗೆ ಸ್ವಚ್ಛ. ಮೂರು ದಿನದಲ್ಲಿ ಮೊದಲ ಸಲ ಅವಳು ನನ್ನ ಮುಖ ನೋಡಿದಳು. ನಾನು ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡೆ.

ಶನಿವಾರ ಮರಿಯಂ ಬಂದಳು. ಕೆಲವು ತಿಂಗಳಲ್ಲೇ ಉದ್ದವಾಗಿದ್ದಳು, ತೆಳ್ಳಗಾಗಿದ್ದಳು. ನಾನು ಕತ್ತು ಬಗ್ಗಿಸಿದ್ದನ್ನೂ ಡಾಕ್ಟರು ನೆಟ್ಟಗೆ ಮಾಡಿದ್ದನ್ನೂ ಮೇಧಾ ಹೇಳಿಯೇಬಿಟ್ಟಳು. ಮರಿಯಂ ಕಣ್ಣರಳಿಸಿ ಕೇಳಿ, ಕೊನೆಗೆ ನಕ್ಕು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಕಟ್ಟಿದ ಒಂದು ಧಾಟಿ ನುಡಿಸತೊಡಗಿದಳು. ಕಿವಿಗೆ ಹಿತವಾಗಿತ್ತು. ಒಂದು ಕಡೆ ಬಂದು ನುಡಿಸುವುದನ್ನು ನಿಲ್ಲಿಸಿದಳು. ಮತ್ತೆ ಅದೇ ಸ್ವರ ಮೀಟಿದಳು. ಮತ್ತೊಮ್ಮೆ. ಅವಳ ಮುಖ ಸಪ್ಪಗಾಯಿತು.

“ಅಂಕಲ್, ಇಲ್ಲೊಂದು ಬಝ್ ಇತ್ತಲ್ಲ?” ಎಂದಳು ಇಂಗ್ಲಿಷಿನಲ್ಲಿ. “ಈ ಧಾಟಿ ಕಟ್ಟಿದ್ದೇ ಅದಕ್ಕೋಸ್ಕರ. ಆ ಸ್ವರ ಬಂದಾಗ ನಮ್ಮಜ್ಜಿ ನಗ್ತಿದ್ದಳು, ಜೇನುಹುಳ ಬಂತು ಅಂತ.”

ಮೇಧಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಬಾಲ್ಕನಿಗೆ ಓಡಿಹೋಗಿ ಬನಿಯಾಸಿಗೆ ಫೋನು ಮಾಡಿದೆ. ಫ್ಲೇವಿಯಾ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ಹುಳುಕು ತೆಗೀಲಿಕ್ಕೆ ನಾನು ಕಲಿತಿದ್ದೇನೆ ದೇಸಾಯ್ರೆ. ವಾಪಸ್ ಹಾಕ್ಲಿಕ್ಕೆ ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ” ಎಂದು ಫೋನಿಟ್ಟರು.

ಒಳಗೆ ಬಂದಾಗ ಮರಿಯಂ ಎದ್ದು ನಿಂತಿದ್ದಳು. ಅಲೆನ್ ಕೀ ಅವಳಿಗೆ ಎಲ್ಲಿ ಸಿಕ್ಕಿತೋ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. “ಅಂಕಲ್, ಪ್ಲೀಸ್. ಅವತ್ತು ಏನು ಮಾಡಿದ್ರೋ ಅದನ್ನೇ ಸ್ವಲ್ಪ ಮಾಡಿ. ಒಂದೇ ಸ್ವರಕ್ಕೆ.”

ನನ್ನ ಕೈಗೆ ಇಂಥ ಗೌರವ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಕೀ ತೆಗೆದುಕೊಂಡೆ. ಗಿಟಾರಿನ ಕತ್ತು ನೋಡಿದೆ. ಮಗಳ ಮುಖ ನೋಡಿದೆ. ಕೀಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, “ನನಗ ಇದು ಬರಂಗಿಲ್ಲವ್ವಾ” ಎಂದೆ.

ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಸುನಂದಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಗಾಬರಿಯಿಂದ ಹೊರಗೆ ಬಂದು ಕೋಣೆಯ ತುಂಬ ಕಣ್ಣಾಡಿಸಿದಳು.

“ಯಾರ್ರೀ ‘ಬರಂಗಿಲ್ಲ’ ಅಂದಾವ್ರು? ಬ್ಯಾರೆ ಯಾರಾರ ಬಂದಾರೇನು?”