ಷಡಕ್ಷರಿ ಭಾವನ ಚಿತ್ರೋದ್ಧಾರಕ

"ಮಲ್ಲೇಶಿ, ಮೊದ್ಲು ನನ್ನ ಮೂಗು ನೋಡು!" ಎಂದು ಷಡಕ್ಷರಿ ಭಾವ ನನ್ನನ್ನು ಬಾಗಿಲಲ್ಲೇ ತಡೆದರು.

ನೋಡಿದೆ. ಆ ಮೂಗಿನ ಮೇಲೆ ಮೊದಲು ಕಡಲೆಕಾಳಿನಷ್ಟು ದಪ್ಪ ನರಹುಲಿಯೊಂದಿತ್ತು. ಅಕ್ಕನ ಮದುವೆಯ ದಿನದಿಂದ ಅದು ನನಗೆ ಪರಿಚಯ. ಈಗ ಅದು ಇರಲೇ ಇಲ್ಲ!

"ಆಪರೇಷನ್ ಮಾಡಿಸಿದ್ರಾ ಭಾವ?"

"ಆಪರೇಷನ್ನೂ ಇಲ್ಲ, ಮಣ್ಣೂ ಇಲ್ಲ. ನೆಗೆಟಿವ್‌ನಲ್ಲಿ ಒರೆಸಿದೆ, ಮೂಗಿಂದ್ಲೇ ಹೋಯ್ತು!"

ಭಾವ ತಿಪಟೂರಿನಲ್ಲಿ ಇಡೀ ಜೀವಮಾನ ರೇಡಿಯೋ ರಿಪೇರಿ ಮಾಡಿದವರು. ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಮನೆಯವರನ್ನೇ ರಿಪೇರಿ ಮಾಡಲು ಹೊರಟಿದ್ದಾರೆ. ಊಟದ ಮೇಜಿನ ಮೇಲೆ ಅವರ ಹೊಸ ಯಂತ್ರ 'ಚಿತ್ರೋದ್ಧಾರಕ' ಕೂತಿತ್ತು. ಅಕ್ಕನ ಇಡ್ಲಿ ಪಾತ್ರೆ, ಹಳೇ ಸ್ಕೂಟರಿನ ಹೆಡ್‌ಲೈಟು, ನಡುವೆ ನೆಗೆಟಿವ್ ಇಡಲು ಒಂದು ಗಾಜು. ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ಪುಟ್ಟದೊಂದು ರೀಲ್ ಕ್ಯಾಮೆರಾ.

"ಬೇರೆ ಸ್ಕ್ಯಾನರುಗಳು ಬರೀ ಚಿತ್ರ ಕೊಡ್ತವೆ. ನಮ್ಮ ಮೈಯಿಂದ ರೀಲಿಗೆ ಹೋದ ಬೆಳಕನ್ನ ನನ್ನ ಯಂತ್ರ ವಾಪಸ್ ನಮಗೇ ಕಳಿಸುತ್ತೆ. ರೀಲಲ್ಲಿ ಏನು ತಿದ್ದಿದ್ರೂ ಅದು ಮೈಗಾಗುತ್ತೆ!"

"ಮೊಬೈಲ್ ಫೋಟೋದಲ್ಲಿ ಆಗಲ್ವಾ?"

"ಮೊಬೈಲಲ್ಲಿ ಬೆಳಕೆಲ್ಲಿದೆ? ಬರೀ ಲೆಕ್ಕ!"

ಅವತ್ತೇ ನನ್ನ ಸೋದರ ಸೊಸೆ ದಾಕ್ಷಾಯಿಣಿಯ ನಿಶ್ಚಿತಾರ್ಥ. ಅವಳ ಕೆನ್ನೆ ಮೇಲೆ ಅದೇ ಬೆಳಿಗ್ಗೆ ಕೆಂಪಗೆ ಒಂದು ಮೊಡವೆ ಎದ್ದಿತ್ತು. ದಾಕ್ಷಿ ಮತ್ತು ಅರಸೀಕೆರೆಯ ಪ್ರಮಥ ಒಬ್ಬರನ್ನೊಬ್ಬರು ಮೆಚ್ಚಿದವರು. ಹುಡುಗನ ಅಪ್ಪ ಪಾಲಾಕ್ಷಪ್ಪನವರನ್ನು ಒಪ್ಪಿಸುವುದರಲ್ಲಿ ಇಬ್ಬರೂ ಹಣ್ಣಾಗಿದ್ದರು. ಯಾರೋ ಎಡಗೈಯಲ್ಲಿ ನೀರಿನ ಲೋಟ ಕೊಟ್ಟರೆಂದು ಮದುವೆ ಮನೆಯಿಂದಲೇ ಎದ್ದು ಹೋದ ಪುಣ್ಯಾತ್ಮ ಅವರು!

"ಎಲ್ಲರೂ ನಿಂತ್ಕೊಳ್ಳಿ, ಮೊಡವೆ ತೆಗೆದುಬಿಡೋಣ" ಎಂದರು ಭಾವ. ಕ್ಯಾಮೆರಾ ನನ್ನ ಕೈಗೆ ಬಂತು. ಭಾವ, ಅಕ್ಕ, ದಾಕ್ಷಿ ಸಾಲಾಗಿ ನಿಂತರು. ಕ್ಲಿಕ್!

ಭಾವ ಬಚ್ಚಲುಮನೆಯಲ್ಲಿ ಕತ್ತಲು ಮಾಡಿಕೊಂಡು ರೀಲು ತೊಳೆದು, ಒಣಗಿಸಿ, ಕುಂಚದಿಂದ ಮೊಡವೆ ಒರೆಸಿದರು.

"ಹಾಗೇ ನನ್ನ ಹೊಟ್ಟೇನೂ ಒಂಚೂರು ಒರೆಸ್ರೀ" ಎಂದಳು ಅಕ್ಕ.

"ಅಷ್ಟು ದೊಡ್ಡ ಕುಂಚ ನನ್ಹತ್ರ ಇಲ್ವೇ!"

"ನಿಮ್ಮ ಬೋಳುತಲೆ ಮೇಲೆ ಬೇಕಾದ್ರೆ ಕೂದಲು ಬರ್ಕೊಳ್ಳಿ!"

ಈ ಜಗಳದ ಭರದಲ್ಲೇ ಭಾವ ನೆಗೆಟಿವನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದರು. ಗುಂಯ್! ಮೊಡವೆ ಮಾಯ! ದಾಕ್ಷಿ ಕುಣಿದಾಡಿದಳು.

ಆದರೆ ಅಕ್ಕನ ಸೆರಗು ಎಡ ಭುಜದಿಂದ ಬಲ ಭುಜಕ್ಕೆ ಹೋಗಿತ್ತು. ಭಾವನ ಅಂಗಿಯ ಜೇಬು ಎಡದಿಂದ ಬಲಕ್ಕೆ ಬಂದಿತ್ತು.

"ಈ ಕ್ಯಾಲೆಂಡರಿನವನಿಗೇನಾಗಿದೆ? ಅಕ್ಷರ ಎಲ್ಲಾ ತಿರುಗಾಮುರುಗಾ ಅಚ್ಚು ಹಾಕಿದ್ದಾನೆ!" ಎಂದರು ಭಾವ.

"ಗಡಿಯಾರ ನೋಡ್ರೀ, ಹಿಂದಕ್ಕೆ ಓಡ್ತಿದೆ!" ಎಂದಳು ಅಕ್ಕ.

ಯಂತ್ರ ಬಗ್ಗಿ ನೋಡಿದೆ. ನೆಗೆಟಿವ್‌ನ ಹೊಳೆಯುವ ಮೈ ಮೇಲಿರಬೇಕಿತ್ತು, ಮಂಕು ಮೈ ಮೇಲಿತ್ತು. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿತ್ತು. ಅದರ ಜೊತೆಗೆ ಮೂವರೂ!

"ಭಾವ, ತಿರುಗಿರೋದು ಕ್ಯಾಲೆಂಡರ್ ಅಲ್ಲ, ನೀವು! ಇನ್ನೊಂದು ಫೋಟೋ ತೆಗೆದು ಹೀಗೇ ತಿರುವಿಟ್ರೆ ಸರಿಹೋಗುತ್ತೆ."

"ನಾವು ಮೂರು ಜನ ಒಂದು ಹೇಳ್ತಿದ್ದೀವಿ, ನೀನೊಬ್ಬ ಇನ್ನೊಂದು. ಈಗ ತಿರುಗಿರೋದು ಯಾರಯ್ಯಾ?"

ಆ ಹೊತ್ತಿಗೆ ಹೊರಗೆ ಗಂಡಿನ ಕಡೆಯವರ ಕಾರಿನ ಹಾರ್ನ್ ಕೇಳಿಸಿತು.

ಪಾಲಾಕ್ಷಪ್ಪನವರು ಮೀಸೆ ತಿರುವುತ್ತಾ ಪರಿವಾರ ಸಮೇತ ಕೂತರು. ಅಕ್ಕ ನಗುನಗುತ್ತಾ ಉಪ್ಪಿಟ್ಟು ಕೇಸರಿಬಾತಿನ ತಟ್ಟೆಯನ್ನು ಎಡಗೈಯಲ್ಲಿ ಚಾಚಿದಳು! ಅವರ ಮುಖ ಕೆಂಪೇರಿತು. ಆದರೂ ಹೇಗೋ ತಡೆದುಕೊಂಡು ಬಲಗೈಯಲ್ಲಿ ತೆಗೆದುಕೊಂಡರು. ಅಕ್ಕ ಬೆಚ್ಚಿಬಿದ್ದು ನನ್ನನ್ನು ಅಡುಗೆಮನೆಗೆ ಎಳೆದಳು.

"ಅಯ್ಯೋ ಮಲ್ಲೇಶಿ! ಗಂಡಿನ ಕಡೆಯವರು ಒಬ್ಬರೂ ಬಿಡದಂಗೆ ಎಡಚರು ಕಣೋ!"

ಅಲ್ಲೇ ನಿಂತಿದ್ದ ದಾಕ್ಷಿಯ ಕಣ್ಣು ತುಂಬಿತ್ತು. "ಪ್ರಮಥ ಮೊದಲು ಹೀಗಿರ್ಲಿಲ್ಲ ಮಾವ. ಆದ್ರೂ ಪರವಾಗಿಲ್ಲ, ಅವರು ಯಾವ ಕೈಲಾದ್ರೂ ತಿನ್ಲಿ. ನಂಗೆ ಅವರೇ ಬೇಕು."

ಅಷ್ಟರಲ್ಲಿ ಹಾಲಿನಿಂದ ಗುಡುಗು ಕೇಳಿಸಿತು.

"ತಾಂಬೂಲಾನೂ ಎಡಗೈಲೇ ಕೊಡ್ತೀರಾ ಷಡಕ್ಷರಪ್ಪ? ನಡೀರೋ, ಕಾರು ಹತ್ತಿ!"

ಪಾಲಾಕ್ಷಪ್ಪನವರು ಎದ್ದೇಬಿಟ್ಟರು. ಭಾವ ತಾಂಬೂಲದ ತಟ್ಟೆ ಕೆಳಗಿಟ್ಟು, ಜೇಬಿನಿಂದ ಕ್ಯಾಮೆರಾ ತೆಗೆದರು.

"ಹೋಗೋದಾದ್ರೆ ಹೋಗಿ ಬೀಗರೇ. ನೆನಪಿಗೆ ಒಂದು ಫೋಟೋ ಆದ್ರೂ ಬೇಡ್ವಾ?"

ಎಂಥಾ ಸಿಟ್ಟಿದ್ದರೂ ಫೋಟೋ ಎಂದರೆ ಬೇಡ ಎನ್ನುವ ಮನುಷ್ಯನನ್ನು ನಮ್ಮ ಸೀಮೆಯಲ್ಲಿ ನಾನಿನ್ನೂ ಕಂಡಿಲ್ಲ. ಪಾಲಾಕ್ಷಪ್ಪನವರು ಬಾಚಣಿಗೆ ತರಿಸಿ, ಶಲ್ಯ ಸರಿಮಾಡಿಕೊಂಡು ನಟ್ಟನಡುವೆ ಕೂತರು. ಗಂಡಿನ ಕಡೆಯ ಮಿಕ್ಕವರು ಹಿಂದೆ ಒತ್ತರಿಸಿಕೊಂಡು ನಿಂತರು. ಕ್ಲಿಕ್!

"ಚೆನ್ನಾಗಿ ಬಂದಿದೆಯೋ ಇಲ್ವೋ ನೋಡ್ಕೊಂಡೇ ಹೋಗೋಣ" ಎಂದು ಪಾಲಾಕ್ಷಪ್ಪನವರು ಕೂತೂ ಬಿಟ್ಟರು!

ಬಚ್ಚಲುಮನೆಯಿಂದ ಹೊರಬಂದ ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಪಾಪ, ಹುಟ್ಟು ಎಡಚರು ಅವರು. ಸರಿಮಾಡಿಬಿಡ್ತೀನಿ. ನೀನೇ ಹೇಳಿದ್ಯಲ್ಲ, ರೀಲು ತಿರುವಿಟ್ರೆ ಸರಿಹೋಗುತ್ತೆ ಅಂತ!"

ನಾನು ಬಾಯಿ ತೆರೆದೆ. ಬಾಗಿಲ ಸಂದಿಯಲ್ಲಿ ದಾಕ್ಷಿಯ ಮುಖ ಕಾಣಿಸಿತು. ಬಾಯಿ ಮುಚ್ಚಿಕೊಂಡೆ.

ಗುಂಯ್! ಹೆಡ್‌ಲೈಟು ಫಟ್ಟೆಂದು ಒಡೆಯಿತು, ಇಡ್ಲಿ ಪಾತ್ರೆ ಕರಗಿ ದೋಸೆ ಕಾವಲಿಯಂತಾಯಿತು. ಚಿತ್ರೋದ್ಧಾರಕದ ಕತೆ ಅಲ್ಲಿಗೆ ಮುಗಿಯಿತು. ಆದರೆ ಹಾಲಿನಲ್ಲಿ ಪಾಲಾಕ್ಷಪ್ಪನವರ ಶಲ್ಯ ಇನ್ನೊಂದು ಭುಜಕ್ಕೆ ಜಿಗಿದಿತ್ತು.

"ತಾಂಬೂಲ ತನ್ನಿ ಬೀಗರೇ" ಎಂದು ಅವರು ಎಡಗೈ ಚಾಚಿದರು. "ಆಗ ನನ್ನ ಕಣ್ಣಿಗೇನಾಗಿತ್ತೋ! ಎಷ್ಟು ಲಕ್ಷಣವಾಗಿ ಕೊಡ್ತಿದ್ದೀರಿ!"

ತಾಂಬೂಲ ಕೈ ಬದಲಾಯಿತು. ದಾಕ್ಷಿಯೂ ಪ್ರಮಥನೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನನಗೂ ಬಹಳ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಊಟಕ್ಕೆ ಕೂತೆವು. ಎಲ್ಲರ ಬಾಳೆಲೆಯ ತುದಿಯೂ ಬಲಕ್ಕಿತ್ತು. ಎಲ್ಲರೂ ಎಡಗೈಯಲ್ಲಿ ಹೋಳಿಗೆ ಮುರಿದರು. ಇದ್ದ ಎರಡು ಫೋಟೋಗಳಲ್ಲಿ ಒಂದರಲ್ಲೂ ನಾನಿರಲಿಲ್ಲವಲ್ಲ, ಬಲಗೈ ಹಾಕಿದೆ. ಇಡೀ ಪಂಕ್ತಿ ನನ್ನ ಕೈಯನ್ನೇ ನೋಡಿತು.

"ಹುಡುಗಿಯ ಸೋದರಮಾವ ಎಡಚ ಅಂತ ಮೊದ್ಲೇ ಹೇಳ್ಬಾರದಿತ್ತೇ?" ಎಂದರು ಪಾಲಾಕ್ಷಪ್ಪನವರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಿಕ್ಕಂದಿನಿಂದ್ಲೂ ಹಂಗೇ ಬೀಗರೇ. ಎಷ್ಟು ಹೇಳಿದ್ರೂ ಕಲೀಲಿಲ್ಲ."

"ಹೋಗ್ಲಿ ಬಿಡಿ ತಾಯಿ, ಮನೆಗೊಬ್ಬ ಇಂಥೋನು ಇದ್ದೇ ಇರ್ತಾನೆ" ಎಂದು ಅವರು ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಷಮಿಸಿದರು.

ಮದುವೆಯೊಳಗೆ ಸರಿಯಾದ ಕೈಯಲ್ಲಿ ಉಣ್ಣುವುದನ್ನು ಕಲಿಯಬೇಕೆಂದು ಅಕ್ಕನ ಕಟ್ಟಪ್ಪಣೆಯಾಗಿದೆ. ದಾಕ್ಷಿಗಾಗಿ ದಿನವೂ ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಅನ್ನ ಪರವಾಗಿಲ್ಲ, ಸಾರು ಮಾತ್ರ ಇನ್ನೂ ಮೊಣಕೈವರೆಗೆ ಹರಿಯುತ್ತದೆ.